ಆರನೆಯ ದಿನದ ಎಣಿಕೆ

ಕಾಸರಗೋಡಿನ ಕನ್ನಡಿಗ ಪೋಷಕರೇ,

ಜೂನ್ ಸಮೀಪಿಸಿದೆ. ಈಗ ಹೇಳದಿದ್ದರೆ ಇನ್ನೊಂದು ವರ್ಷ ಕಳೆದುಹೋಗುವುದೆಂದು ಬರೆಯುತ್ತಿದ್ದೇನೆ.

ಸರಕಾರಿ ಶಾಲೆಯ ವಿದ್ಯೆಯನ್ನು ನಾವು ‘ಬಿಟ್ಟಿ’ ಎನ್ನುತ್ತೇವೆ. ಅದು ಬಿಟ್ಟಿಯಲ್ಲ. ನೀವು ಕೊಳ್ಳುವ ಸಾಬೂನಿನಲ್ಲಿ, ಬೈಕಿಗೆ ತುಂಬಿಸುವ ಪೆಟ್ರೋಲಿನಲ್ಲಿ ಅದರ ಬೆಲೆ ಸಂದಾಯವಾಗಿದೆ. ಆದಾಯ ತೆರಿಗೆ ಕಟ್ಟುವವರಾದರೆ 2018ರಿಂದ ಅದರ ಮೇಲೆ ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಉಪಕರವೂ ಸೇರಿದೆ. ನಮ್ಮ ಅನುದಾನಿತ ಶಾಲೆಗಳ ಅಧ್ಯಾಪಕರಿಗೂ ಸಂಬಳ ಬರುವುದು ಬೊಕ್ಕಸದಿಂದಲೇ, ಮ್ಯಾನೇಜರರ ಜೇಬಿನಿಂದಲ್ಲ. ಹೀಗಿರಲು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ ತೆರುವ ಶುಲ್ಕವು ಒಂದೇ ಮಗುವಿನ ವಿದ್ಯೆಗೆ ಎರಡನೆಯ ಪಾವತಿ.

ಆ ಸ್ವಾತಂತ್ರ್ಯ ನಿಮಗಿದೆ. ಆದರೆ ಅದರ ಪೆಟ್ಟು ಎಲ್ಲಿ ಬೀಳುತ್ತದೆಂಬುದನ್ನು ಮುಖ್ಯೋಪಾಧ್ಯಾಯನ ಮೇಜಿನಿಂದ ಕಂಡವನು ನಾನು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ. ಡಿವಿಜನ್ನುಗಳೂ ಅಧ್ಯಾಪಕ ಹುದ್ದೆಗಳೂ ಆ ಸಂಖ್ಯೆಯಿಂದಲೇ ನಿರ್ಣಯವಾಗುತ್ತವೆ. ಒಂದು ವರ್ಷ ಇಬ್ಬರು ಮಕ್ಕಳು ಕಡಿಮೆ ಬಿದ್ದರು. ಮಳೆಯಲ್ಲಿ ಮನೆಮನೆಗೆ ನಡೆದೆವು. ಒಂದು ಮನೆಯ ಜಗಲಿಯಲ್ಲಿ ಟೈ ಸಮೇತ ಹೊಸ ಸಮವಸ್ತ್ರ ಒಣಗುತ್ತಿತ್ತು. ಮಾತಾಡದೆ ಮರಳಿದೆವು. ಆ ವರ್ಷ ಒಂದು ಕನ್ನಡ ಡಿವಿಜನ್ ಹೋಯಿತು. ಮಲಯಾಳ ಮಾಧ್ಯಮದ ತರಗತಿ ಮುಚ್ಚಿದರೆ ಪಕ್ಕದೂರಿನಲ್ಲಿ ಇನ್ನೊಂದಿದೆ. ನಮಗೆ ಅನೇಕ ಕಡೆ ಇನ್ನೊಂದಿಲ್ಲ.

ಸಂವಿಧಾನವಿದೆಯಲ್ಲ ಎನ್ನುವಿರಿ. ನಾವು ಕೇರಳಕ್ಕೆ ಸೇರಿದ 1956ರಲ್ಲೇ 350ಎ ವಿಧಿಯೂ ಬಂತು. ಆದರೆ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣ ಒದಗಿಸಲು ರಾಜ್ಯವು ‘ಯತ್ನಿಸತಕ್ಕದ್ದು’ ಎಂಬಷ್ಟೇ ಅದರ ಧಾಟಿ. ಹಾಜರಿ ಪುಸ್ತಕದಲ್ಲಿ ಹೆಸರುಗಳಿಲ್ಲದಿದ್ದರೆ ಯಾರಿಗಾಗಿ ಯತ್ನ?

ಸರಕಾರದ ತಪ್ಪನ್ನು ಮುಚ್ಚುವವನು ನಾನಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳಿಸಿದ್ದುಂಟು. ಪಠ್ಯಪುಸ್ತಕಗಳು ಓಣಂ ಹತ್ತಿರವಾದಾಗ ತಲುಪಿದ್ದೂ ಉಂಟು. ಅಂತಹ ಸಂದರ್ಭದಲ್ಲಿ ನನ್ನ ಹತ್ತು ಪತ್ರಗಳಿಂದ ಆಗದ ಕೆಲಸ ಹದಿನೈದು ತಾಯಂದಿರು ಕಚೇರಿಯ ಮುಂದೆ ನಿಂತಾಗ ಆಯಿತು. ಅವರ ಮಕ್ಕಳು ನಮ್ಮ ಶಾಲೆಯಲ್ಲಿದ್ದರು. ಆದ್ದರಿಂದಲೇ ಅಧಿಕಾರಿ ಅವರಿಗೆ ಕುರ್ಚಿ ಹಾಕಿಸಿದರು. ಮಗುವನ್ನು ಬಿಡಿಸಿಕೊಂಡು ಹೋದವರಿಗೆ ತೆರಿಗೆ ಕಟ್ಟುವ ಕರ್ತವ್ಯ ಉಳಿಯುತ್ತದೆ, ಲೆಕ್ಕ ಕೇಳುವ ಆಸಕ್ತಿ ಉಳಿಯುವುದಿಲ್ಲ.

ಖಾಸಗಿ ಶಾಲೆಗೆ ಮುಂಗಡ ಕಟ್ಟುವ ಮುನ್ನ ನಿಮ್ಮೂರಿನ ಕನ್ನಡ ಶಾಲೆಗೆ ಒಮ್ಮೆ ಹೋಗಿ. ಒಂದನೆಯ ತರಗತಿಯ ಅಧ್ಯಾಪಕರೊಡನೆ ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಿ. ಅವರಿಗೆ ಕನ್ನಡ ಬಾರದಿದ್ದರೆ ನನಗೂ ತಿಳಿಸಿ, ಒಟ್ಟಿಗೆ ಕಚೇರಿಗೆ ಹೋಗೋಣ.