ಅಳತೆ ಮಾಡ್ದೆ ಎಂಜಿನ್ ಬಿಚ್ಚೋಕೆ ಬುಡಬೇಡಿ

ಹಳೇ ಕಾರು ಆಯಿಲ್ ಕುಡೀತಾ ಐತೆ ಅಂದ ತಕ್ಷಣ "ಬೋರ್ ಹೋಗೈತೆ, ಎಂಜಿನ್ ಇಳಿಸ್ಬೇಕು" ಅಂತಾರಲ್ಲ, ಆ ಮಾತನ್ನ ನಾನು ಒಪ್ಪಲ್ಲ. ನೀವೂ ಒಪ್ಪಬೇಡಿ ಅಂತ ಹೇಳೋಕೇ ಇವತ್ತು ಬರೀತಿರೋದು. ಬಾನೆಟ್ ಎತ್ತಿ, ಎರಡು ನಿಮಿಷ ಸದ್ದು ಕೇಳಿ, ಸಾವಿರಾರು ರೂಪಾಯಿ ಕೆಲಸ ತೀರ್ಮಾನ ಮಾಡೋದಕ್ಕೆ ಕಣಿ ಹೇಳೋದು ಅಂತಾರೆ, ರೋಗ ಪತ್ತೆ ಅನ್ನಲ್ಲ.

ನಮ್ಮ ವಿರೂಪಾಕ್ಷಿಪುರದ ಕಡೆ ಡೈರಿಗೆ ಒಂದೇ ಲೀಟರ್ ಹಾಲು ಹಾಕಿದ್ರೂ ಡಿಗ್ರಿ ನೋಡ್ದೆ ಬರ್ಕೊಳಲ್ಲ. ರಾಮನಗರದ ಮಾರ್ಕೆಟ್‌ಗೆ ರೇಷ್ಮೆಗೂಡು ತಗೊಂಡೋದ್ರೆ ತೂಕ ಆಗ್ದೆ ದುಡ್ಡು ಎಣಿಸಲ್ಲ. ಇಷ್ಟೆಲ್ಲಾ ಅಳತೆ ಗೊತ್ತಿರೋ ಜನ, ಆ ಹಾಲಿನ ದುಡ್ಡು, ಗೂಡಿನ ದುಡ್ಡು ತಗೊಂಡೋಗಿ ಬರೀ ಕಣ್ಣಂದಾಜಿನ ಮಾತಿಗೆ ಸುರೀತೀವಲ್ಲ, ಇದ್ಯಾವ ನ್ಯಾಯ?

ಮೊದಲು ಕೇಳ್ಬೇಕಾದ್ದು ಒಂದೇ ಪ್ರಶ್ನೆ: ಎಷ್ಟು ಕುಡೀತದೆ? "ಜಾಸ್ತಿ" ಅನ್ನೋದು ಉತ್ತರ ಅಲ್ಲ. ಕಾರನ್ನ ಮಟ್ಟವಾದ ಜಾಗದಲ್ಲಿ ನಿಲ್ಸಿ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಮೇಲಿನ ಗುರುತಿನವರೆಗೂ ಆಯಿಲ್ ತುಂಬಿಸಿ, ಮೀಟರ್‌ನಲ್ಲಿರೋ ಕಿಲೋಮೀಟರ್ ಬರೆದಿಟ್ಕೊಳಿ. ವಾರಕ್ಕೊಂದ್ಸಲ ಹಿಂಗೇ ನೋಡಿ. ಇಳಿದಿದ್ರೆ ಔಷಧಿ ಅಳತೆ ಬಾಟಲಲ್ಲೋ, ಗೆರೆ ಇರೋ ಹಾಲಿನ ಬಾಟಲಲ್ಲೋ ಅಳೆದು ಹಾಕಿ, ಹಾಕಿದ್ದನ್ನ ಬರ್ಕೊಳಿ. ಸಾವಿರ ಕಿಲೋಮೀಟರ್ ಆದ್ಮೇಲೆ ಕೂಡಿದ್ರೆ ಲೆಕ್ಕ ಕೈಲಿರ್ತದೆ. ಎಕ್ಸ್‌ಪ್ರೆಸ್‌ವೇಲಿ ಒಂದೇ ಸಮನೆ ಜೋರಾಗಿ ಓಡಿಸಿದ್ರೆ ಆಯಿಲ್ ಹೆಚ್ಚು ಖರ್ಚಾಗ್ತದೆ, ಅದಕ್ಕೇ ಆ ಓಡಾಟನ ಬೇರೆ ಬರೀರಿ.

ಸಾವಿರ ಕಿಲೋಮೀಟರ್‌ಗೆ ಒಂದು ಲೀಟರ್ ಹೋದ್ರೂ ಪರವಾಗಿಲ್ಲ ಅಂತ ಕೆಲವು ಕಂಪನಿಯೋರು ತಮ್ಮ ಪುಸ್ತಕದಲ್ಲೇ ಹಾಕವ್ರೆ. ಅದು ಅವರಿಗೆ ಅನುಕೂಲದ ಲೆಕ್ಕ. ಸಣ್ಣ ಕಾರಿನ ಎಂಜಿನ್ ಹಿಡಿಯೋದೇ ಮೂರು ಲೀಟರ್ ಆಸುಪಾಸು, ಅದರಲ್ಲಿ ಒಂದು ಲೀಟರ್ ಹೋದ್ರೆ ಮೂರರಲ್ಲೊಂದು ಪಾಲು ಹೋದಂಗೆ. "ಹಳೇ ಕಾರು, ಕುಡಿಯೋದು ಸಹಜ" ಅಂತ ಸುಮ್ನಿರೋ ಯಜಮಾನರಿಗೂ ಇದೇ ಮಾತು. ಆಯಿಲ್ ತೀರಾ ಇಳಿದ್ರೆ ಬೇರಿಂಗ್ ತಿಂದೋಗ್ತದೆ, ಎಂಜಿನ್ ಜಾಮ್ ಆಗ್ತದೆ. ಸುಟ್ಟ ಆಯಿಲ್ ಹೊಗೆ ಹೋಗೋ ದಾರೀಲಿರೋ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳ್ಮಾಡ್ತದೆ.

ಎರಡನೇದು, ಹೊರಗೆ ಸೋರ್ತಾ ಐತಾ, ಒಳಗೆ ಸುಡ್ತಾ ಐತಾ? ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದೈತೆ ನೋಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಕೆಳಗಿನ ಡ್ರೈನ್ ಬೋಲ್ಟಿನ ವಾಷರ್, ಕ್ರ್ಯಾಂಕ್ ಆಯಿಲ್ ಸೀಲ್, ಇವು ಸೋರೋ ಜಾಗಗಳು. ಪ್ಯಾಕಿಂಗ್ ಹೋಗಿದ್ದಕ್ಕೆ ಬೋರ್ ಮಾಡ್ಸೋದು, ನಲ್ಲಿ ವಾಷರ್ ಹೋಯ್ತು ಅಂತ ಬಾವಿ ತೋಡಿಸಿದಂಗೆ.

ಸೋರಿಕೆ ಇಲ್ಲ ಅಂದ್ರೆ ಹೊಗೆ ನೋಡಿ. ಚಳೀಲಿ ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಂತ್ರೆ ಅದು ನೀರಾವಿ. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿರೋದು. ನೀಲಿ ಹೊಗೆ ಬಂದ್ರೇ ಆಯಿಲ್ ಸುಡ್ತಿರೋದು. ಆ ನೀಲಿ ಯಾವಾಗ ಬತ್ತದೆ ಅನ್ನೋದೇ ಮುಖ್ಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದ್ಸಲ ಬುಸ್ ಅಂತ ಬಂದು ನಿಂತ್ರೆ, ಅಥವಾ ಮಾದಪ್ಪನ ಬೆಟ್ಟ ಇಳಿಯುವಾಗ ಕಾಲು ತೆಗೆದು ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಬಂದ್ರೆ, ಅನುಮಾನ ವಾಲ್ವ್ ಸೀಲ್ ಮೇಲೆ. ಆ ಸಣ್ಣ ರಬ್ಬರು ಶಾಖಕ್ಕೆ ಗಟ್ಟಿಯಾಗಿ ಆಯಿಲ್‌ನ ಒಳಕ್ಕೆ ಜಿನುಗೋಕೆ ಬುಡ್ತದೆ. ದಿಬ್ಬ ಹತ್ತುವಾಗ, ಭಾರ ಎಳೆಯುವಾಗ ಬಿಡದಂಗೆ ಬಂದ್ರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಪಿಸಿವಿ ವಾಲ್ವ್ ಅಂತ ಒಂದು ಐತೆ, ಎಂಜಿನ್ ಉಸಿರಾಡೋ ಮೂಗು ಅಂದ್ಕೊಳಿ. ಅದು ಕಟ್ಕೊಂಡ್ರೂ ಒತ್ತಡಕ್ಕೆ ಆಯಿಲ್ ಹೋಯ್ತದೆ. ಅದನ್ನ ತೆಗೆದು ನೋಡೋಕೆ ಎಂಜಿನ್ ಇಳಿಸೋ ಕೆಲಸ ಇಲ್ಲ.

ಇಷ್ಟಾದ್ಮೇಲೂ ಅನುಮಾನ ಉಳಿದ್ರೆ ಕಂಪ್ರೆಶನ್ ಟೆಸ್ಟ್. ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಇಟ್ಟು ಒಂದೊಂದೇ ಸಿಲಿಂಡರಿನ ಒತ್ತಡ ಅಳೀಬೇಕು. ಕಮ್ಮಿ ಬಂದದ್ದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದ್ರೆ ರಿಂಗ್ ಇಲ್ಲಾ ಬೋರ್ ಸವೆದೈತೆ. ಏರ್ದಿದ್ರೆ ವಾಲ್ವ್ ಕಡೆ ನೋಡ್ಬೇಕು. ಒಂದು ಮಾತು: ಆಯಿಲ್ ಕೆರೆಯೋ ಕೆಳಗಿನ ರಿಂಗ್ ಮಸಿ ಕಟ್ಟಿ ಅಂಟ್ಕೊಂಡಿದ್ರೆ ಕಂಪ್ರೆಶನ್ ಚೆನ್ನಾಗೇ ತೋರಿಸ್ಬೋದು. ಅದಕ್ಕೇ ಒಂದೇ ಟೆಸ್ಟ್ ನಂಬ್ಕೊಂಡು ಕೂರ್ಬಾರದು. ಆದ್ರೆ ಕಮ್ಮಿ ಖರ್ಚಿಂದು ಮೊದಲು, ಎಂಜಿನ್ ಬಿಚ್ಚೋದು ಕೊನೇಗೆ. ಈ ಸಾಲು ತಪ್ಪಬಾರದು.

ನಮ್ಮನೇಲಿರೋದು 2006ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. 1983ರ ಡಿಸೆಂಬರ್‌ನಲ್ಲಿ ರೋಡಿಗೆ ಬಂದು 2014ರಲ್ಲಿ ತಯಾರಿ ನಿಂತೋದ ಕಾರು. ಗ್ಯಾರೇಜಿನವರೊಬ್ಬರು "ಬೋರ್ ಹೋಗೈತೆ ಕಣಕ್ಕಾ" ಅಂದ್ರು. ನನ್ನ ಪುಸ್ತಕದಲ್ಲಿ ಸಾವಿರ ಕಿಲೋಮೀಟರ್‌ಗೆ 600 ಮಿಲಿ ಅಂತಿತ್ತು, ನೀಲಿ ಹೊಗೆ ಬೆಳಿಗ್ಗೆ ಒಂದ್ಸಲ ಮಾತ್ರ. ಇನ್ನೊಬ್ಬರ ಹತ್ರ ಗೇಜ್ ಹಾಕಿಸಿದ್ರೆ ಮೂರೂ ಸಿಲಿಂಡರ್ ಸಮ ಬಂತು. ವಾಲ್ವ್ ಸೀಲ್ ಬದಲಾಯಿಸಿದ್ರು. ಈಗ ಸಾವಿರಕ್ಕೆ 100 ಮಿಲಿನೂ ಇಳಿಯಲ್ಲ.

ಇನ್ನೊಂದು ಜಾತಿ ಬುದ್ಧಿವಂತರವ್ರೆ. "ಗಟ್ಟಿ ಆಯಿಲ್ ಹುಯ್ದ್‌ಬುಡಿ, ಹೊಗೆ ನಿಲ್ತದೆ" ಅಂತಾರೆ. ಹೊಗೆ ಕಮ್ಮಿ ಆಗ್ಬೋದು, ಆದ್ರೆ ಕಾಯಿಲೆ ಹಂಗೇ ಇರ್ತದೆ. ತಣ್ಣಗಿರೋ ಎಂಜಿನ್ನಿಗೆ ಗಟ್ಟಿ ಆಯಿಲ್ ಮೇಲಕ್ಕೆ ಹತ್ತೋದು ನಿಧಾನ, ಅಷ್ಟೊತ್ತು ಲೋಹಕ್ಕೆ ಲೋಹ ಉಜ್ಜುತ್ತೆ. ಕಾರಿನ ಪುಸ್ತಕದಲ್ಲಿ ಹೇಳಿರೋ ಗ್ರೇಡೇ ಹಾಕಿ.

"ಮೆಕ್ಯಾನಿಕ್ಕಿಗೂ ಹೊಟ್ಟೆಪಾಡು ಬ್ಯಾಡ್ವಾ?" ಅಂತ ಕೇಳ್ತೀರಾ. ಬೇಕು. ಇಲ್ಲಿ ನಮ್ಮ ಜನದ ತಪ್ಪೂ ಐತೆ. ಪರೀಕ್ಷೆ ಮಾಡಿದ್ದಕ್ಕೆ ಮುನ್ನೂರು ಕೇಳಿದ್ರೆ "ಬರೀ ನೋಡಿದ್ದಕ್ಕಾ?" ಅಂತ ಜಗಳ ಆಡ್ತಾರೆ. ಬಿಚ್ಚಿದ್ರೆ ಮಾತ್ರ ಮಾತಾಡ್ದೆ ಕೊಡ್ತಾರೆ. ನೋಡಿದ್ದಕ್ಕೆ ಕೂಲಿ ಸಿಗ್ದಿದ್ರೆ ಅವರು ಬಿಚ್ದೆ ಇನ್ನೇನು ಮಾಡ್ತಾರೆ? ಅಳೆಯೋ ಕೆಲಸಕ್ಕೆ ಮೊದಲು ಮರ್ಯಾದೆಯಾಗಿ ದುಡ್ಡು ಕೊಡಿ.

"ಮಾರಿ ಹೊಸದು ತಗೊಳಿ" ಅನ್ನೋರಿಗೆ ಸಾಲದ ಕಂತು ಕಟ್ಟೋರು ಯಾರು ಅಂತ ಕೇಳ್ಬೇಕು. 15 ವರ್ಷ ಆದ ಕಾರಿನ ನೋಂದಣಿ ನವೀಕರಣದ ಫೀಸು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಂದ 5,000ಕ್ಕೆ ಏರ್ತು. ಅಷ್ಟು ಕಟ್ಟಿ ಉಳಿಸ್ಕೊಂಡಿರೋ ಗಾಡಿನ ಒಂದು ಊಹೆಗೆ ಕಳ್ಕೋಬಾರದು.

ಹೆಂಗಸರಿಗೆ ಬಾನೆಟ್ ಯಾಕೆ ಅನ್ನೋರು ಅನ್ಲಿ ಬುಡಿ. ಒಲೆ ಮೇಲಿನ ಎಣ್ಣೆ ಹೊಗೆ ಬಣ್ಣ ನೋಡಿ ಉರಿ ತಗ್ಗಿಸೋದು ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಮುಂದಿನ ಸಲ ಯಾರಾದ್ರೂ "ಎಂಜಿನ್ ಇಳಿಸ್ಬೇಕು" ಅಂದ್ರೆ ಮೂರೇ ಮಾತು ಕೇಳಿ: ಸಾವಿರಕ್ಕೆ ಎಷ್ಟು ಹೋಗ್ತದೆ? ಸೋರಿಕೆ ನೋಡಿದ್ರಾ? ಕಂಪ್ರೆಶನ್ ಎಷ್ಟು ಬಂತು? ಮೂರಕ್ಕೂ ಉತ್ತರ ಬರೋವರೆಗೂ ಸ್ಪ್ಯಾನರ್ ಮುಟ್ಟೋಕೆ ಬುಡಬೇಡಿ.