ಪಾದ್ರಿಯ ರಾಜಕಾರಣಕ್ಕೆ ಮೇಲಿನ ಅಪ್ಪಣೆ

2019ರ ಲೋಕಸಭಾ ಚುನಾವಣೆಯಲ್ಲಿ ಗೌಡಗಾಂವ ಮಠದ ಡಾ. ಜಯಸಿದ್ಧೇಶ್ವರ ಶಿವಾಚಾರ್ಯ ಸ್ವಾಮೀಜಿಯವರು ಸೊಲ್ಲಾಪುರದಿಂದ ಗೆದ್ದು ಸಂಸತ್ತನ್ನು ಪ್ರವೇಶಿಸಿದರು. ಯೆಣೆಗೂರ, ಉಮರ್ಗಾ ಭಾಗದ ಕನ್ನಡಿಗರಿಗೆ ಮಠಾಧೀಶರ ರಾಜಕಾರಣ ಅಪರಿಚಿತವಲ್ಲ. ಕಣಕ್ಕಿಳಿಯುವುದೂ ಬಿಡುವುದೂ ಬಹುಮಟ್ಟಿಗೆ ಸ್ವಾಮಿಗಳ ಸ್ವಂತ ನಿರ್ಧಾರ.

ಕ್ಯಾಥೋಲಿಕ್ ಪಾದ್ರಿಗೆ ಈ ಸ್ವಾತಂತ್ರ್ಯವಿಲ್ಲ. ಗುರುದೀಕ್ಷೆಯ ದಿನವೇ ಆತ ಧರ್ಮಾಧ್ಯಕ್ಷರಿಗೆ ವಿಧೇಯನಾಗಿರುವುದಾಗಿ ವಚನ ಕೊಡುತ್ತಾನೆ. ಆತನ ನೇಮಕವೂ ವರ್ಗಾವಣೆಯೂ ಅವರ ಕೈಯಲ್ಲಿವೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 285ನೆಯ ವಿಧಿ ರಾಜ್ಯಾಧಿಕಾರ ಚಲಾಯಿಸುವ ಹುದ್ದೆಗಳನ್ನು ಪಾದ್ರಿಗೆ ನಿಷೇಧಿಸುತ್ತದೆ. 287ನೆಯ ವಿಧಿ ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರವನ್ನೂ ತಡೆಯುತ್ತದೆ. ಧರ್ಮಸಭೆಯ ಹಕ್ಕುಗಳ ರಕ್ಷಣೆಗೋ ಸರ್ವಜನಹಿತಕ್ಕೋ ಅಗತ್ಯವೆನಿಸಿದರೆ ಇದಕ್ಕೆ ವಿನಾಯಿತಿಯುಂಟು. ಆದರೆ ಆ ಅಗತ್ಯವನ್ನು ನಿರ್ಣಯಿಸುವವರು ಮೇಲಧಿಕಾರಿಗಳೇ ಹೊರತು ಪಾದ್ರಿಯಲ್ಲ.

ಇದು ಬರಿಯ ಕಾಗದದ ನಿಯಮವಲ್ಲ. ಅಮೆರಿಕದ ಸಂಸತ್ತಿನಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಯೇಸುಸಭೆಯ ರಾಬರ್ಟ್ ಡ್ರೈನನ್, ಪೋಪ್ ಎರಡನೆಯ ಜಾನ್ ಪಾಲರ ಆದೇಶಕ್ಕೆ ತಲೆಬಾಗಿ 1980ರಲ್ಲಿ ಮರುಸ್ಪರ್ಧೆಯಿಂದ ಹಿಂದೆ ಸರಿದರು. ಕೇರಳದ ಇಡುಕ್ಕಿಯಲ್ಲಿ 2023ರಲ್ಲಿ ಪಾದ್ರಿಯೊಬ್ಬರು ಬಿಜೆಪಿ ಸೇರಿದೊಡನೆ ಧರ್ಮಪ್ರಾಂತ್ಯವು ಅವರನ್ನು ಚರ್ಚಿನ ಹೊಣೆಯಿಂದ ಬಿಡಿಸಿತು.

ಇದೇ ಶ್ರೇಣಿ ಬಾಯಿ ಬಿಡಿಸುವುದೂ ಉಂಟು. 2021ರಲ್ಲಿ ಕರ್ನಾಟಕ ಸರಕಾರ ಮತಾಂತರ ತಡೆ ಮಸೂದೆಯನ್ನು ತಂದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾಡೊ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಮೇಲಿನವರು ಹಾಗೆ ನಿಂತಾಗ ಕೆಳಗಿನ ಪಾದ್ರಿಯ ದನಿಗೂ ರಕ್ಷೆ ದೊರೆಯುತ್ತದೆ.

ಈ ಶಿಸ್ತಿನಿಂದ ಲಾಭವಿದೆ: ಪ್ರವಚನಪೀಠವು ಸುಲಭವಾಗಿ ಪಕ್ಷದ ವೇದಿಕೆಯಾಗುವುದಿಲ್ಲ. ಕೊರತೆಯೂ ಇದೆ: ಧರ್ಮಾಧ್ಯಕ್ಷರು ಮೌನ ವಹಿಸಿದ ವಿಷಯದಲ್ಲಿ, ಊರಿನ ಅನ್ಯಾಯವನ್ನು ಕಣ್ಣಾರೆ ಕಂಡ ಪಾದ್ರಿಯೂ ತುಟಿ ಬಿಗಿಹಿಡಿಯುವ ಪ್ರಸಂಗ ಬರುತ್ತದೆ. ಆದುದರಿಂದ ಪಾದ್ರಿಯ ಮಾತನ್ನಾಗಲಿ ಮೌನವನ್ನಾಗಲಿ ಆತನೊಬ್ಬನದೆಂದು ಎಣಿಸಲಾಗದು.

ದೇಶದ ಕಾನೂನಿಗಾದರೋ ಸ್ವಾಮಿ, ಪಾದ್ರಿ, ಮೌಲ್ವಿ ಎಂಬ ಭೇದವಿಲ್ಲ. ಅಭ್ಯರ್ಥಿಯಾಗಲಿ, ಆತನ ಸಮ್ಮತಿಯಿಂದ ಇನ್ನೊಬ್ಬರಾಗಲಿ ದೈವಕೋಪದ ಭಯ ತೋರಿ ಮತ ಸೆಳೆಯುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮಿನಂತೆ ಭ್ರಷ್ಟಾಚಾರ. ಅದು ಸಾಬೀತಾದರೆ ಗೆದ್ದವರ ಆಯ್ಕೆಯೇ ಅಸಿಂಧುವಾಗುತ್ತದೆ. ಪಾದ್ರಿಗೆ ಧರ್ಮಾಧ್ಯಕ್ಷರ ಅಪ್ಪಣೆ ಬೇಕಾದೀತು. ಮತದಾರನಿಗೆ ಯಾರ ಅಪ್ಪಣೆಯೂ ಬೇಕಿಲ್ಲ.