ಬೂದಿ ಮುಚ್ಚಿದ ಕೆಂಡ



ಬೆಳಗಾವಿಯ ಟಿಳಕವಾಡಿಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. "ಡಿಸೆಂಬರ್ ರಜೆಯಲ್ಲಿ ನಾವೂ ಕಾಕಾನ ಮನೆಯವರೂ ಕೂಡಿ ಎರಡು ದಿನ ಖಾನಾಪುರದ ಕಡೆ ಹೋಗುತ್ತೇವೆ. ರಾತ್ರಿ ಕಾಡಿನಲ್ಲಿ ಕ್ಯಾಂಪ್ ಫೈರ್ ಮಾಡೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. ಬೇಡವೇ ಬೇಡ ಅಂತ ಅವ್ವ ಹೇಳುತ್ತಾಳೆ. ಯಾರ ಮಾತು ಖರೆ?"

ಇಬ್ಬರ ಮಾತಿನಲ್ಲೂ ಅರ್ಧರ್ಧ ಖರೆ ಇದೆ. ಚಳಿಯ ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವ ಸುಖವೇ ಬೇರೆ. ಅದು ಅಣ್ಣನ ಪಾಲಿನ ಖರೆ. ಆದರೆ ಕಾಡಿನಲ್ಲಿ ಬೇಡ. ಅದು ಅವ್ವನ ಪಾಲಿನದು. ನಾನು ಹಲವು ವರ್ಷ ಶಾಲೆಯ ಸ್ಕೌಟ್ ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ದವನು. ಶಿಬಿರಾಗ್ನಿ ಇಲ್ಲದ ಶಿಬಿರ ಮಕ್ಕಳಿಗೆ ಸಪ್ಪೆ ಎಂದು ನನಗೆ ಗೊತ್ತು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಹುಡುಗರ ಮೊದಲ ಶಿಬಿರ ನಡೆಸಿದಾಗಲೂ ಸಂಜೆಯಾದರೆ ಎಲ್ಲರೂ ಬೆಂಕಿಯ ಸುತ್ತ ಸೇರಿ ಕಥೆ ಕೇಳುತ್ತಿದ್ದರು. ಅದಕ್ಕೇ ಈ ವಾರ ಬೆಂಕಿಯ ಪಾಠ. ಇದನ್ನು ಅಪ್ಪ ಅವ್ವನ ಜೊತೆ ಕುಳಿತು ಓದಿ. ದೊಡ್ಡವರಿಲ್ಲದೆ ಮಕ್ಕಳು ಬೆಂಕಿ ಹೊತ್ತಿಸುವ ಹಾಗಿಲ್ಲ. ಮೊದಲನೆಯ ನಿಯಮ ಅದೇ.

ಎಲ್ಲಿ ಬೇಡ, ಎಲ್ಲಿ ಸರಿ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರು. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಯ ಕಡೆ ಹೊರಟರೆ ಸಹ್ಯಾದ್ರಿ ಶುರು. ನಮ್ಮ ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ಇದೇ ತಾಲ್ಲೂಕಿನ ಕಾಡಿನಲ್ಲಿ. ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಲ್ಲುವ ನೀರು, ಹುಬ್ಬಳ್ಳಿ ಧಾರವಾಡದ ನಲ್ಲಿಯಲ್ಲಿ ಬರುವ ನೀರು ಈ ಕಾಡು ಹಿಡಿದಿಟ್ಟು ಕಳಿಸಿದ್ದು. 2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 190 ಚದರ ಕಿಲೋಮೀಟರು ಕಾಡನ್ನು ಭೀಮಗಡ ವನ್ಯಜೀವಿ ಅಭಯಾರಣ್ಯ ಎಂದು ಘೋಷಿಸಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಬಾವಲಿ ಇದೆ. ಇಡೀ ಜಗತ್ತಿನಲ್ಲಿ ಅದು ಇಲ್ಲಿ ಮಾತ್ರ ಇದೆ ಎಂದೇ ಬಹಳ ಕಾಲ ತಿಳಿದಿದ್ದರು.

ಇಂಥ ಕಾಡಿನಲ್ಲಿ ಬೆಂಕಿಗೆ ಜಾಗವಿಲ್ಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. "ಸಣ್ಣದೊಂದು ಬೆಂಕಿ ಅಷ್ಟೇ ಅಲ್ವಾ?" ಎಂದು ಅಣ್ಣ ಕೇಳಬಹುದು. ಮಳೆ ನಿಂತು ಎರಡು ತಿಂಗಳಾದರೆ ಗುಡ್ಡದ ಮೇಲಿನ ಹುಲ್ಲು ಒಣಗಿ ಹಳದಿಯಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ತೇಗ, ಮತ್ತಿ, ನಂದಿ ಮರಗಳು ಎಲೆ ಉದುರಿಸುತ್ತವೆ. ಶಿವರಾತ್ರಿಯ ಹೊತ್ತಿಗೆ ನೆಲದ ತುಂಬ ತರಗೆಲೆಯ ಹಾಸಿಗೆ. ಅದರ ಮೇಲೆ ಬಿದ್ದ ಕಿಡಿಗೆ ಗಾಳಿ ಸಿಕ್ಕರೆ ನೀವು ಓಡುವುದಕ್ಕಿಂತ ವೇಗವಾಗಿ ಬೆಂಕಿ ಗುಡ್ಡ ಹತ್ತುತ್ತದೆ. ನೆಲದಲ್ಲಿ ಮೊಟ್ಟೆ ಇಡುವ ಕಾಡುಕೋಳಿ, ಮೆಲ್ಲಗೆ ನಡೆಯುವ ಆಮೆ, ಆಗಷ್ಟೇ ಮೊಳೆತ ಸಸಿ, ಇವಕ್ಕೆ ಓಡಿ ತಪ್ಪಿಸಿಕೊಳ್ಳಲು ಆಗದು.

ಬೆಂಕಿ ಆರಿಸಲು ಹೋಗುವವರೂ ಮನುಷ್ಯರೇ. ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಬಡಿದು ಅವರು ಉರಿ ಆರಿಸುತ್ತಾರೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚಿನೊಡನೆ ಹೋರಾಡುತ್ತಿದ್ದ ಅರಣ್ಯ ರಕ್ಷಕರೊಬ್ಬರು ಅದರಲ್ಲೇ ಪ್ರಾಣ ಕಳೆದುಕೊಂಡರು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರನ್ನು ಕಾಳ್ಗಿಚ್ಚು ಸುತ್ತುವರಿಯಿತು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಇವು ಶಿಬಿರದ ಬೆಂಕಿಯಿಂದ ಹತ್ತಿದವು ಎಂದು ನಾನು ಹೇಳುತ್ತಿಲ್ಲ. ಒಣಗಿದ ಕಾಡಿಗೆ ಕಿಡಿ ಯಾರದಾದರೂ ಒಂದೇ.

ಹಾಗಾದರೆ ಎಲ್ಲಿ? ಪರಿಚಯದವರ ಮನೆಯ ಅಂಗಳ, ಬೆಳೆ ಕೊಯ್ದು ಬರಿದಾದ ಹೊಲ, ಇಲ್ಲವೆ ಬೆಂಕಿಗೆಂದೇ ಜಾಗ ಮಾಡಿಟ್ಟಿರುವ ಶಿಬಿರ ತಾಣ. ಅಲ್ಲಿಯೂ ಯಜಮಾನರನ್ನು ಕೇಳಿಯೇ ಹೊತ್ತಿಸಬೇಕು. ಅವರು ಬೇಡ ಎಂದರೆ ಬೇಡ. ಹತ್ತಿರ ಹುಲ್ಲಿನ ಬಣವೆ, ದನದ ಕೊಟ್ಟಿಗೆ, ಕಬ್ಬಿನ ಒಣ ರವದಿ ಇರುವ ಗದ್ದೆ ಇದ್ದರೆ ಆ ಜಾಗ ಬಿಟ್ಟುಬಿಡಿ. ತಲೆಯ ಮೇಲೆ ಮರದ ಟೊಂಗೆ, ವಿದ್ಯುತ್ ತಂತಿ ಇರಬಾರದು. ಗಾಳಿ ಜೋರಾಗಿದ್ದ ದಿನ ಬೆಂಕಿಯೇ ಬೇಡ. ಟಾರ್ಚ್ ನಡುವೆ ಇಟ್ಟು ಹಾಡಿದರೂ ಹಾಡು ಹಾಡೇ.

ಮೊದಲು ನೀರು, ಆಮೇಲೆ ಬೆಂಕಿ

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಕೇಳಿದ್ದೀರಲ್ಲ? ಕಡ್ಡಿ ಗೀರುವ ಮೊದಲೇ ಎರಡು ಬಕೆಟ್ ನೀರು, ಒಂದು ಗುಡ್ಡೆ ಮಣ್ಣು, ಒಂದು ಸಲಿಕೆ ಪಕ್ಕದಲ್ಲಿರಬೇಕು. ಸುತ್ತ ಹತ್ತು ಅಡಿಯಷ್ಟು ನೆಲದಲ್ಲಿ ಎಲೆ, ಹುಲ್ಲು, ಕಸ ಗುಡಿಸಿ ಬರಿ ಮಣ್ಣು ಕಾಣುವಂತೆ ಮಾಡಿ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಕಾಡಿನ ನಡುವೆ ಹುಲ್ಲು ಸವರಿ ಬೆಂಕಿ ರೇಖೆ ಮಾಡುತ್ತಾರೆ. ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ದಾಟದಿರಲಿ ಎಂದು. ನೀವು ಗುಡಿಸಿದ ಜಾಗವೂ ಒಂದು ಪುಟ್ಟ ಬೆಂಕಿ ರೇಖೆ.

ನಡುವೆ ಒಂದು ಗೇಣು ಆಳದ ತಗ್ಗು ತೋಡಿ. ಮರದ ಬೇರು ಕಂಡರೆ ಬೇರೆ ಕಡೆ ತೋಡಿ. ಬೇರಿಗೆ ಹತ್ತಿದ ಬೆಂಕಿ ನೆಲದೊಳಗೇ ಹೊಗೆಯಾಡುತ್ತ ಎಲ್ಲೋ ಮೇಲೇಳಬಹುದು. ತಗ್ಗಿನ ಸುತ್ತ ಇಡಲು ಹಳ್ಳದಿಂದ ಕಲ್ಲು ತರಬೇಡಿ. ಒಳಗೆ ಸೇರಿದ ನೀರು ಕಾದು ಆವಿಯಾದರೆ ಕಲ್ಲು ಸಿಡಿಯುತ್ತದೆ. ಇಡಿಯಾದ ಬಿದಿರನ್ನೂ ಬೆಂಕಿಗೆ ಹಾಕಬಾರದು. ಎರಡು ಗಣ್ಣಿನ ನಡುವೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಅದು ಪಟಾಕಿಯಂತೆ ಒಡೆಯುತ್ತದೆ.

ಕಟ್ಟಿಗೆಯನ್ನು ಕಾಡಿನಿಂದ ಆರಿಸಿ ತರುವುದು ಬೇಡ, ಊರಿನಲ್ಲಿ ಕೊಂಡು ತನ್ನಿ. ಗುರುತು ಸಿಗದ ಕಟ್ಟಿಗೆ ಸುಡಬೇಡಿ. ಹೊಳಗೇರು, ಗೇರು ಜಾತಿಯ ಕಾಡುಮರಗಳ ಹೊಗೆ ತಾಗಿದರೂ ಮೈ ತುರಿಸಿ ಬಾವು ಬರಬಹುದು. ಕಣಗಿಲೆಯ ಹೊಗೆ ವಿಷ. ಕಳ್ಳಿಯ ಹೊಗೆ ಕಣ್ಣು ಸುಡುತ್ತದೆ. ಪ್ಲಾಸ್ಟಿಕ್ ಚೀಲ, ಚಿಪ್ಸ್ ಪಾಕೀಟು, ಥರ್ಮಾಕೋಲ್ ತಟ್ಟೆ ಇವು ಬೆಂಕಿಗಲ್ಲ, ಮರಳಿ ಮನೆಗೆ.

ಎರಡೇ ಕಡ್ಡಿಯ ಪರೀಕ್ಷೆ

ಸ್ಕೌಟ್ ಮಕ್ಕಳಿಗೆ ಹಳೆಯ ಪರೀಕ್ಷೆಯೊಂದಿದೆ. ಬಯಲಿನಲ್ಲಿ ಕಟ್ಟಿಗೆ ಜೋಡಿಸಿ ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಗೀರದೆ ಹೊತ್ತಿಸಬೇಕು. ಇದರಲ್ಲಿ ಗೆಲ್ಲುವುದು ಕಡ್ಡಿ ಗೀರುವ ಕೈಯಲ್ಲ, ಮೊದಲೇ ಮಾಡಿಕೊಂಡ ತಯಾರಿ.

ಬೆಂಕಿಗೆ ಮೂರು ಬೇಕು: ಉರುವಲು, ಗಾಳಿ, ಕಾವು. ಮೂರರಲ್ಲಿ ಒಂದು ಕಡಿಮೆಯಾದರೂ ಅದು ಹತ್ತದು. ದೊಡ್ಡ ಕೊರಡಿಗೆ ಕಡ್ಡಿ ಹಿಡಿದರೆ ಕಡ್ಡಿ ಮುಗಿಯುತ್ತದೆ, ಕೊರಡು ಹಾಗೇ ಇರುತ್ತದೆ. ಯಾಕೆಂದರೆ ಕಟ್ಟಿಗೆ ಚೆನ್ನಾಗಿ ಕಾದು ಅದರೊಳಗಿಂದ ಅನಿಲ ಹೊರಬರಬೇಕು. ಜ್ವಾಲೆಯಾಗಿ ಉರಿಯುವುದು ಆ ಅನಿಲ. ಸಣ್ಣ ಪುಳ್ಳೆ ಬೇಗ ಕಾಯುತ್ತದೆ, ದಪ್ಪ ಕೊರಡು ನಿಧಾನ. ಅದಕ್ಕೇ ಮೂರು ಗುಂಪು ಮಾಡಿಕೊಳ್ಳಿ: ಒಣ ತೆಂಗಿನ ನಾರು ಅಥವಾ ಕಾಗದ, ಪೆನ್ಸಿಲ್ಲಿನಷ್ಟು ದಪ್ಪದ ಪುಳ್ಳೆ, ಮಣಿಕಟ್ಟಿನಷ್ಟು ದಪ್ಪದ ಕಟ್ಟಿಗೆ. ನಾರನ್ನು ನಡುವೆ ಇಟ್ಟು ಪುಳ್ಳೆಗಳನ್ನು ಗುಡಾರದಂತೆ ನಿಲ್ಲಿಸಿ. ಗಾಳಿ ಬರುವ ಕಡೆ ಪುಟ್ಟ ಬಾಗಿಲು ಬಿಡಿ. ಕಡ್ಡಿ ಗೀರುವ ಕೆಲಸ ದೊಡ್ಡವರದು. ಪುಳ್ಳೆ ಚಟಪಟ ಎಂದ ಮೇಲೆ ಒಂದೊಂದೇ ಕಟ್ಟಿಗೆ ಒರಗಿಸಿ.

ಹತ್ತಲಿಲ್ಲ ಎಂದು ಸೀಮೆಎಣ್ಣೆ, ಪೆಟ್ರೋಲು ಸುರಿಯಲೇಬಾರದು. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ಸುತ್ತ ಹರಡಿರುತ್ತದೆ. ಕಿಡಿ ತಾಗಿದ ಕ್ಷಣ ಉರಿ ಸುರಿದವರ ಕೈಗೇ ಬರುತ್ತದೆ.

ಉರಿ ಮೊಣಕಾಲಿಗಿಂತ ಎತ್ತರ ಏಳುವುದು ಬೇಡ. ನಾಲ್ಕು ಹೆಜ್ಜೆ ದೂರ ಕುಳಿತುಕೊಳ್ಳಿ. ನೈಲಾನ್ ಜಾಕೀಟು, ಇಳಿಬಿದ್ದ ದುಪಟ್ಟಾ ಬೇಡ, ಹತ್ತಿ ಬಟ್ಟೆ ಒಳ್ಳೆಯದು. ಬೆಂಕಿಯ ಸುತ್ತ ಓಡುವ ಆಟ ಇಲ್ಲ. ದೊಡ್ಡವರಲ್ಲಿ ಒಬ್ಬರು ಬೆಂಕಿಯ ಕಾವಲಿಗೆ ಇರಲೇಬೇಕು. ಅವರು ಎದ್ದು ಹೋಗುವುದಾದರೆ ಇನ್ನೊಬ್ಬರ ಹೆಸರು ಹಿಡಿದು ಒಪ್ಪಿಸಿ ಹೋಗಬೇಕು.

ಏನಾದರೂ ಸುಡುವ ಆಸೆ ಇದ್ದರೆ ಉರಿ ಇಳಿಯುವವರೆಗೆ ಕಾಯಿರಿ. ಬೈಲಹೊಂಗಲ, ಸವದತ್ತಿ ಕಡೆ ಸೀತನಿ ತಿಂದವರಿಗೆ ಇದು ಗೊತ್ತು. ಎಳೆ ಜೋಳದ ತೆನೆಯನ್ನು ಸುಡುವುದು ಉರಿಯಲ್ಲಲ್ಲ, ತಗ್ಗಿನಲ್ಲಿ ಕುಳ್ಳು ಸುಟ್ಟು ಮಾಡಿದ ಕೆಂಡದಲ್ಲಿ. ಉರಿಯಲ್ಲಿ ಹೊರಗೆ ಕರಕಲು, ಒಳಗೆ ಹಸಿ. ಕೆಂಡದಲ್ಲಿ ಒಳಗಿನವರೆಗೂ ಹದ.

ಆರಿತೇನು?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊತ್ತಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಆರಿಸುವ ಹೊತ್ತಿಗೆ ಎಲ್ಲರಿಗೂ ನಿದ್ದೆ.

ಖಾನಾಪುರದ ಹತ್ತಿರ ಹೊಲದ ಮನೆಯೊಂದರಲ್ಲಿ ನಮ್ಮ ಮಕ್ಕಳ ಶಿಬಿರ ನಡೆದಿತ್ತು. ಹೊಲದ ಯಜಮಾನರು ವಯಸ್ಸಾದವರು, ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹಾಡು ಮುಗಿದ ಮೇಲೆ ಅವರೇ ಒಂದು ಬಕೆಟ್ ನೀರು ಹೊಯ್ದರು. ಭುಸ್ಸೆಂದು ಹೊಗೆ ಎದ್ದು ಎಲ್ಲ ಕಪ್ಪಾಯಿತು.

"ಆರೀತೇನ್ರೋ ಹುಡುಗೂರಾ?"

"ಆರೀತ್ರಿ ಕಾಕಾ!"

ಕಾಕಾ ನಕ್ಕು ಸಲಿಕೆಯಿಂದ ಬೂದಿ ಕೆದಕಿದರು. ಒಳಗೆ ದಾಳಿಂಬೆ ಕಾಳಿನಂತೆ ಕೆಂಡಗಳು ನಿಗಿನಿಗಿ ಹೊಳೆದವು. "ಮ್ಯಾಲ ತಣ್ಣಗದ, ಒಳಗ ಇನ್ನ ಐತಿ. ನಮ್ಮವ್ವ ರಾತ್ರಿ ಒಲಿಯಾಗ ಕೆಂಡಕ್ಕ ಬೂದಿ ಮುಚ್ಚಿ ಮಲಗತಿದ್ಲು. ಮುಂಜಾನೆ ಕೆದಕಿ ಊದಿದ್ಲಂದ್ರ ಮತ್ತ ಬೆಂಕಿ. ಕಡ್ಡಿಪೆಟ್ಟಿಗಿ ಖರ್ಚs ಇಲ್ಲ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಬೂದಿ ಕೆಂಡಕ್ಕೆ ಕಂಬಳಿ ಇದ್ದಂತೆ. ಕಾವು ಹೊರಹೋಗದು, ಗಾಳಿ ಅಷ್ಟಾಗಿ ಒಳಬಾರದು. ಕೆಂಡ ನಿಧಾನವಾಗಿ ಬೆಳಗಿನವರೆಗೂ ಬದುಕಿರುತ್ತದೆ. ಅಜ್ಜಿಯರು ಬೆಂಕಿ ಉಳಿಸಲು ಮಾಡುತ್ತಿದ್ದ ಕೆಲಸವನ್ನೇ ನಾವು ಬೆಂಕಿ ಆರಿಸಿದೆವು ಎಂದುಕೊಂಡು ಮಾಡಿ ಹೊರಟರೆ ಏನಾಗುತ್ತದೆ? ಮೇಲೆ ಮಣ್ಣು ಎಳೆದು ಹೋದರೆ ಅದು ಆರಿಸಿದ್ದಲ್ಲ, ಮುಚ್ಚಿಟ್ಟದ್ದು. ಬೆಳಗಿನ ಗಾಳಿಯೋ, ಕಾಲು ಕೆದರುವ ನಾಯಿಯೋ ಅದನ್ನು ಮತ್ತೆ ಎಬ್ಬಿಸಬಹುದು.

ಅದಕ್ಕೇ ಕಾಕಾನ ಕ್ರಮ ಬರೆದಿಟ್ಟುಕೊಳ್ಳಿ. ಮಲಗುವ ಹೊತ್ತಿಗೆ ಒಂದು ಗಂಟೆ ಮೊದಲೇ ಹೊಸ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ. ಉಳಿದ ಕೊಳ್ಳಿಗಳನ್ನು ಬೇರೆ ಬೇರೆ ಮಾಡಿ. ಗಾಳಿ ಬರುವ ಕಡೆ ನಿಂತು ದೂರದಿಂದ ನಿಧಾನವಾಗಿ ನೀರು ಹೊಯ್ಯಿರಿ, ಬಿಸಿ ಆವಿ ಮುಖಕ್ಕೆ ಬರದಂತೆ. ಕೆದಕಿ, ಮತ್ತೆ ನೀರು ಹೊಯ್ಯಿರಿ. ಕೊಳ್ಳಿಗಳನ್ನು ಹೊರಳಿಸಿ ಅಡಿಭಾಗಕ್ಕೂ ನೀರು ಹಾಕಿ. ಸುಂಯ್ ಎನ್ನುವ ಸದ್ದು ನಿಂತ ಮೇಲೆ ದೊಡ್ಡವರೊಬ್ಬರು ಕೈಯ ಹಿಂಬದಿಯನ್ನು ಬೂದಿಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು ನೋಡಲಿ. ಕಾವು ತಿಳಿಯದಿದ್ದರೆ ಮೆಲ್ಲಗೆ ಮುಟ್ಟಲಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಬಿಟ್ಟು ಹೋಗಲಾಗದಷ್ಟೂ ಬಿಸಿ ಇದೆ ಎಂದೇ ಅರ್ಥ. ಆ ರಾತ್ರಿ ನಮಗೆ ನಾಲ್ಕು ಬಕೆಟ್ ನೀರು ಬೇಕಾಯಿತು.

ಚಳಿ ಎಂದು ಉಳಿದ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಡೇರೆಗೋ ಕೋಣೆಗೋ ಒಯ್ಯುವವರಿದ್ದಾರೆ. ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಅದು ಏಳದಂತೆ ಮಾಡಿಬಿಡುತ್ತದೆ. ಚಳಿಗೆ ಇನ್ನೊಂದು ಕೌದಿ ಹೊದೆಯಿರಿ.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನಿಲ್ಲಿ, ನೆಲಕ್ಕೆ ಮಲಗಿ, ಮುಖ ಮುಚ್ಚಿಕೊಂಡು ಉರುಳಿ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚದೆ 20 ನಿಮಿಷ ತಣ್ಣೀರು ಬಿಡಿ, ಆಮೇಲೆ ವೈದ್ಯರ ಹತ್ತಿರ ಹೋಗಿ. ಬೆಂಕಿ ತಗ್ಗು ದಾಟಿ ಹುಲ್ಲಿಗೆ ಹತ್ತಿದರೆ ಮಕ್ಕಳೆಲ್ಲ ದೂರ ಸರಿಯಬೇಕು. ಕೂಡಲೇ 112ಕ್ಕೆ ಕರೆ ಮಾಡಿಸಿ.

ಈ ವಾರದ ಕೆಲಸ

ನಿಮ್ಮ ಊರಿನಲ್ಲಿ ಕಟ್ಟಿಗೆ ಒಲೆಯ ಮೇಲೆ ಅಡುಗೆ ಮಾಡಿದ, ಬಚ್ಚಲ ಹಂಡೆಗೆ ಉರಿ ಹಾಕಿದ ಅಜ್ಜಿ ಇದ್ದರೆ ಹೋಗಿ ಕೇಳಿ: ರಾತ್ರಿ ಕೆಂಡವನ್ನು ಹೇಗೆ ಕಾಪಾಡುತ್ತಿದ್ದಿರಿ? ಎಷ್ಟು ಹೊತ್ತು ಉಳಿಯುತ್ತಿತ್ತು? ಯಾವ ಕಟ್ಟಿಗೆಯ ಕೆಂಡ ಹೆಚ್ಚು ಬಾಳಿಕೆ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳಿಸಿ. ಟಿಳಕವಾಡಿಯ ಹುಡುಗಿಗೆ ಇನ್ನೊಂದು ಕೆಲಸ: ಖಾನಾಪುರಕ್ಕೆ ಹೊರಡುವಾಗ ಬಕೆಟ್ ಎರಡು ಗಾಡಿಗೆ ಹಾಕಿಸು. ಅವನ್ನು ತುಂಬಿಡುವ ಜವಾಬ್ದಾರಿ ಅಣ್ಣನದು.